ಸೋಮವಾರದ ಅರ್ಧ ಟಿಕೆಟು

ಹತ್ತದವರಿಂದಲೂ ಹತ್ತಿದವರಷ್ಟೇ ದುಡ್ಡು ಕೀಳುವ ಜನರನ್ನು ನೋಡಬೇಕೆಂದರೆ ಕುವೈತಿಗೆ ಹೋಗಬೇಕು. ನಾನು ಹೋಗಿ ನೋಡಿ ಬಂದೆ. ಊರಿಗೆ ಬಂದಾಗಿನಿಂದ ಎಲ್ಲರೂ ಕೇಳುವುದು ಎರಡೇ ಮಾತು: ವಿಮಾನ ಹೇಗಿತ್ತು, ಬಂಗಾರ ಎಷ್ಟು ತಂದಿ. ವಿಮಾನ ನಮ್ಮ ಮಾನ್ವಿ ಬಸ್ಸಿಗಿಂತ ಕಡಿಮೆ ಕುಲುಕುತ್ತದೆ. ಬಂಗಾರ ತಂದಿಲ್ಲ, ಏಳು ವರ್ಷದ ಮೊಮ್ಮಗಳನ್ನು ತಂದಿದ್ದೇನೆ. ಅಲ್ಲಿಗೆ ಆ ಎರಡೂ ಮಾತು ಮುಗಿದವು. ಉಳಿದದ್ದು ಅಲ್ಲಿನ ಆಟದ ತೋಟದ ಟಿಕೆಟಿನ ಮಾತು. ಅದನ್ನು ಬರೆಯದೆ ಬಿಟ್ಟರೆ ನನ್ನ ಹೊಟ್ಟೆಯ ಉರಿ ಆರುವುದಿಲ್ಲ.

ನಾನು ಆಟದ ದರ ತಿಳಿಯದವಳಲ್ಲ. ದೇವದುರ್ಗದ ಸಂತೆ, ಮಾನ್ವಿಯ ಸಂತೆ, ಅರಕೇರಾ, ಕುರ್ಡಿ, ಉರುಸು ಇದ್ದಲ್ಲಿ ಉರುಸು, ಮೂವತ್ತು ವರ್ಷ ನಾನೂ ನನ್ನ ಗಂಡನೂ ತೊಟ್ಟಿಲು ತಿರುಗಿಸಿ ಉಂಡವರು. ಕೂಸು ಮಲಗಿಸುವ ತೊಟ್ಟಿಲಲ್ಲ. ಕಟ್ಟಿಗೆಯ ದೊಡ್ಡ ಗಾಲಿ, ಅದಕ್ಕೆ ನಾಲ್ಕು ಪೆಟ್ಟಿಗೆ, ಕೈಯಿಂದ ತಳ್ಳಿ ತಿರುಗಿಸುವುದು. ಗಂಡ ಸತ್ತ ಮೇಲೆ ನಾನೊಬ್ಬಳೇ ತಳ್ಳಿದೆ. ನಮ್ಮಲ್ಲಿ ಟಿಕೆಟೇ ಇಲ್ಲ. ಹತ್ತು ಸುತ್ತು ತಿರುಗಿ ಇಳಿದ ಮೇಲೆ ದುಡ್ಡು. ದುಡ್ಡಿಲ್ಲದವರು ಒಂದು ಬೊಗಸೆ ಜೋಳ ಹಾಕುತ್ತಾರೆ. ನಡುವೆ ಹೆದರಿ ಅತ್ತು ಇಳಿದರೆ ಏನೂ ಕೊಡುವುದು ಬೇಡ. ಆಟ ಆಗಲಿಲ್ಲ, ದುಡ್ಡೂ ಇಲ್ಲ. ಮೂರನೇ ಜಮಾತಿಗೆ ಸಾಲಿ ಬಿಟ್ಟ ನನಗೆ ತಿಳಿಯುವ ಈ ನ್ಯಾಯ ಅಷ್ಟು ದೊಡ್ಡ ದೇಶದವರಿಗೆ ತಿಳಿಯಲಿಲ್ಲ ಎಂದರೆ ಏನನ್ನಬೇಕು?

ರಾಯಚೂರು ಸ್ಟೇಷನ್ನು

ಶಕ್ತಿನಗರದ ಚಿಮಣಿ ಹೊಗೆ ಬಿಡಲು ಶುರು ಮಾಡಿದ ಮರುವರ್ಷದ ಮಾತು. ನನ್ನ ಮಗಳು ಶರಣಮ್ಮ ಕುವೈತಿನ ಆಸ್ಪತ್ರೆಯಲ್ಲಿ ನರ್ಸು. ಅವಳ ಗಂಡ ಈರಣ್ಣ ಅಲ್ಲಿಯೇ ವೆಲ್ಡಿಂಗ್ ಕೆಲಸದವನು. ಕುರ್ಡಿಯವನು, ನನ್ನ ಅಣ್ಣನ ಮಗನೇ. ಹಾಗಾಗಿ ಅಳಿಯ ಎಂದು ನಾನು ಬಾಯಿ ಬಿಗಿಹಿಡಿದು ಮಾತಾಡುವುದಿಲ್ಲ. ಅವರಿಗೆ ಎರಡನೆಯ ಕೂಸು ಹುಟ್ಟುವುದಿತ್ತು. ನಾನು ಬಾಣಂತನಕ್ಕೆ ಹೋಗಬೇಕು, ಮೂರು ತಿಂಗಳು ಇದ್ದು ಬರುವಾಗ ಹಿರಿಯವಳು ರೇಣುಕಾಳನ್ನು ಕರೆದುಕೊಂಡು ಬರಬೇಕು ಎಂದು ಕಾಗದ ಬಂತು. ಶರಣಮ್ಮ ಮತ್ತೆ ಡ್ಯೂಟಿಗೆ ಹೋದರೆ ಇಬ್ಬರು ಮಕ್ಕಳನ್ನು ನೋಡಿಕೊಳ್ಳುವವರು ಅಲ್ಲಿ ಯಾರೂ ಇಲ್ಲ. ಹುಡುಗಿ ಮಾನ್ವಿಯಲ್ಲಿ ನನ್ನ ಹತ್ತಿರ ಇದ್ದು ಸಾಲಿ ಕಲಿಯಲಿ ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ಅವರಿಗೆ ಊರಿಗೆ ಬರಲು ರಜೆ ಸಿಗುವುದು ಎರಡು ವರ್ಷಕ್ಕೊಮ್ಮೆ.

ಪಾಸ್‌ಪೋರ್ಟಿನ ಕಾಗದ ತುಂಬುವವನು ನಾನು ಹುಟ್ಟಿದ ತಾರೀಖು ಕೇಳಿದ. ಚೀಕಲಪರ್ವಿಯಲ್ಲಿ ಹೊಳೆ ಊರೊಳಗೆ ಬಂದ ವರ್ಷ ಎಂದೆ. ಅವನು ನಕ್ಕು ತನಗೆ ತಿಳಿದ ತಾರೀಖೊಂದನ್ನು ಬರೆದ. ಆಮೇಲೆ ಓದಿಸಿ ನೋಡಿದರೆ ನಾನು ನನ್ನ ತಮ್ಮನಿಗಿಂತ ಚಿಕ್ಕವಳಾಗಿದ್ದೆ. ಸರಕಾರದ ಕಾಗದದಲ್ಲಿ ಇವತ್ತಿಗೂ ಅವನೇ ನನ್ನ ಅಣ್ಣ.

ರೈಲಿನಲ್ಲಿ ನನ್ನ ಜೊತೆ ಬಂದದ್ದು ಎರಡು ಚೀಲ. ಒಂದರಲ್ಲಿ ಜೋಳದ ಹಿಟ್ಟು, ಇನ್ನೊಂದರಲ್ಲಿ ಗುರೆಳ್ಳು ಚಟ್ನಿಪುಡಿ, ಬಾಣಂತಿಯ ಕಾಡಿಗೆ, ಅಂಟಿನುಂಡೆ. ಬಟ್ಟೆ ಎರಡೇ ಸೀರೆ. ಬೊಂಬಾಯಿ ತನಕ ಎದುರಿಗೆ ಕೂತ ಗಂಡಸು ಆ ಚೀಲಗಳ ಮೇಲೆ ಕಾಲಿಡುವುದು, ನಾನು ಅವನ ಕಾಲು ಎತ್ತಿ ಕೆಳಗಿಡುವುದು, ಇದೇ ಪ್ರಯಾಣ.

ಅಲ್ಲಿನ ಕಟ್ಟೆ

ವಿಮಾನದಲ್ಲಿ ಸೊಂಟಕ್ಕೆ ಪಟ್ಟಿ ಬಿಗಿಯುತ್ತಾರೆ. ನಾನು ತೊಟ್ಟಿಲಿಗೆ ಒಂದು ಹಗ್ಗ ಅಡ್ಡ ಕಟ್ಟಿದಾಗ ದೇವದುರ್ಗದ ಜನ, "ಏನ್‌ಬೇ ಅಮರಮ್ಮ, ನಾವೇನು ಎಮ್ಮಿ ಕರಾನಾ?" ಎಂದು ನಕ್ಕಿದ್ದರು. ಈಗ ಯಾರೂ ನಗಲಿಲ್ಲ. ಎಲ್ಲರೂ ದುಡ್ಡು ಕೊಟ್ಟು ಕಟ್ಟಿಸಿಕೊಂಡು ಕೂತಿದ್ದರು.

ಕುವೈತಿನಲ್ಲಿ ಇಳಿದ ಮೇಲೆ ಒಂದು ಉದ್ದ ಕಟ್ಟೆ. ಅದರ ಮೇಲೆ ಚೀಲ ಇಟ್ಟು ಬಿಚ್ಚಿ ತೋರಿಸಬೇಕು. ಮೀಸೆಯವನೊಬ್ಬ ನನ್ನ ಗುರೆಳ್ಳು ಪುಡಿಯ ಗಂಟನ್ನು ಬಿಚ್ಚಿದ. ಕರ್ರಗಿನ ಪುಡಿ ನೋಡಿ ಮುಖ ಗಂಟಿಕ್ಕಿದ. ಇನ್ನೊಬ್ಬನನ್ನು ಕರೆದ, ಅವನು ಮತ್ತೊಬ್ಬನನ್ನು ಕರೆದ. ಮೂವರು ಸೇರಿ ನನ್ನ ಚಟ್ನಿಯ ಸುತ್ತ ನಿಂತರು. ಒಬ್ಬ ಮೂಗಿನ ಹತ್ತಿರ ಹಿಡಿದು ಎರಡು ಸಲ ಸೀನಿದ. ನನಗೆ ಸಿಟ್ಟು ಬಂತು. ಒಂದು ಚಿಟಿಕೆ ತೆಗೆದು ಅವರ ಮುಂದೆಯೇ ಬಾಯಿಗೆ ಹಾಕಿಕೊಂಡೆ. ಮೀಸೆಯವನು ನನ್ನನ್ನೇ ನೋಡುತ್ತಿದ್ದ, ಸಾಯುತ್ತಾಳೋ ಏನೋ ಎನ್ನುವ ಹಾಗೆ. ಸಾಯಲಿಲ್ಲ ಎಂದು ಖಾತ್ರಿಯಾದ ಮೇಲೆ ತಾನೂ ಒಂದು ಚಿಟಿಕೆ ಹಾಕಿಕೊಂಡ. ಕಣ್ಣಲ್ಲಿ ನೀರು ಬಂತು. ಗಂಟು ಕಟ್ಟಿ ವಾಪಸು ಕೊಟ್ಟ. ನಾನು ಕಟ್ಟಿದ್ದಕ್ಕಿಂತ ಬಿಗಿಯಾಗಿ ಕಟ್ಟಿದ್ದ, ಅದನ್ನು ಮಾತ್ರ ಮೆಚ್ಚಬೇಕು.

ಮೂರನೇ ಮಾಳಿಗೆ

ಮಗಳ ಮನೆ ಮೂರನೇ ಮಾಳಿಗೆಯಲ್ಲಿ. ಕಿಟಕಿ ತೆರೆದರೆ ಇನ್ನೊಂದು ಕಿಟಕಿ, ನಡುವೆ ಉಸುಕಿನ ಗಾಳಿ. ಅಲ್ಲಿನವರ ರೂಢಿಗಳಲ್ಲಿ ಕೆಲವು ಒಳ್ಳೆಯವು, ಕೆಲವು ನನ್ನ ಕೈಲಿ ನೋಡಲಾಗದವು. ಕಾಯಿಪಲ್ಲೆ ತರುವವರು ಗಂಡಸರು. ಹೆಂಗಸರು ಕಾರಿನಲ್ಲಿ ಕೂತು ಗಾಜಿನೊಳಗಿಂದ ಬೆರಳು ತೋರಿಸುತ್ತಾರೆ, ಗಂಡಸು ಬದನೆಕಾಯಿ ಎತ್ತಿ ತೋರಿಸುತ್ತಾನೆ, ಬೇಡವೆಂದರೆ ಹೋಗಿ ಬೇರೆ ತರುತ್ತಾನೆ. ಇದು ನಮ್ಮೂರಿಗೂ ಬರಬೇಕು. ಆದರೆ ದುಂಡನೆಯ ರೊಟ್ಟಿ, ಚಪಾತಿಗಿಂತ ದಪ್ಪ, ಒಂದು ದಿನ ಹಳೆಯದಾದರೆ ಚೀಲಕ್ಕೆ ಹಾಕಿ ಬಾಗಿಲ ಹೊರಗಿಟ್ಟುಬಿಡುತ್ತಾರೆ. ನಾನು ಮೊದಲ ವಾರ ಅದನ್ನು ನೋಡಿ ಯಾರೋ ಮರೆತರೆಂದು ಬಾಗಿಲು ಬಡಿದು ಕೊಡಲು ಹೋಗಿದ್ದೆ. ಶರಣಮ್ಮ ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡಳು.

ಗಂಡುಕೂಸು ಹುಟ್ಟಿತು. ನೀರು ಹಾಕಿದೆ, ಎಣ್ಣೆ ತಿಕ್ಕಿದೆ, ಹೊಗೆ ಹಾಕಿದೆ. ಹೊಗೆಗೆ ಕೆಳಗಿನ ಮನೆಯವರು ಬೆಂಕಿ ಬಿತ್ತೆಂದು ಓಡಿ ಬಂದರು. ಹಾಗೆ ಪರಿಚಯವಾದವಳು ಕೇರಳದ ಏಲಿಯಮ್ಮ. ಅವಳ ಗಂಡ ಡ್ರೈವರು, ಎರಡು ಮಕ್ಕಳು. ನನ್ನ ರಾಯಚೂರಿನ ಹಿಂದಿ, ಅವಳ ಕೇರಳದ ಹಿಂದಿ, ಎರಡೂ ಸೇರಿ ಒಂದು ಭಾಷೆಯಾಗುತ್ತಿತ್ತು.

ಮೂರು ತಿಂಗಳು ಮುಗಿಯುತ್ತಾ ಬಂತು. ನಮ್ಮ ವಿಮಾನ ಬುಧವಾರ. ಈರಣ್ಣ ರೇಣುಕಾಳಿಗೆ ಒಂದು ಮಾತು ಕೊಟ್ಟಿದ್ದ. ಊರಾಚೆ ಹೊಸದಾಗಿ ಒಂದು ಆಟದ ತೋಟವಾಗಿದೆ, ಅದರಲ್ಲಿ ಆಕಾಶಕ್ಕೆ ಮುಟ್ಟುವ ತೊಟ್ಟಿಲಿದೆ, ಊರಿಗೆ ಹೋಗುವ ಮುಂಚೆ ಅಪ್ಪ ಮಗಳು ಜೊತೆಗೆ ಕೂತು ಮೇಲೆ ಹೋಗೋಣ ಎಂದು. ಹುಡುಗಿ ಆ ಒಂದು ಮಾತಿನ ಮೇಲೆ ಊರಿಗೆ ಬರಲು ಒಪ್ಪಿದ್ದಳು. ಇಲ್ಲದಿದ್ದರೆ ಮಂಚದ ಕಾಲು ಹಿಡಿದು ಕೂರುವವಳು ಅವಳು. ಅಪ್ಪನ ಹೆಗಲು ಬಿಟ್ಟು ಇಳಿಯುವವಳಲ್ಲ.

ಒಂದು ಸಂಜೆ ಚಹಾ ಕುಡಿಯುತ್ತಾ ಟಿಕೆಟಿನ ಮಾತು ಬಂತು.

"ಅತ್ತಿ, ಶುಕ್ರವಾರ ಹೋಗೂಣು. ನನಗ ರಜಾ ಅದ," ಎಂದ ಈರಣ್ಣ.

"ಶುಕ್ರವಾರದ ದರ ಎಷ್ಟು?"

ಹೇಳಿದ. ನಾನು ಕಪ್ಪು ಕೆಳಗಿಟ್ಟೆ.

"ಅಷ್ಟು ಕೊಟ್ರ ತೊಟ್ಟಲಾ ಬಿಚ್ಚಿ ಮನಿಗೆ ಕೊಟ್ಟು ಕಳಿಸ್ತಾರೇನು?"

ಆ ಟಿಕೆಟಿನಲ್ಲಿ ಮೂರು ನಮೂನೆ ಇದ್ದವು. ಬರೀ ಒಳಗೆ ಹೋಗುವ ಟಿಕೆಟು ಒಂದು, ಆಮೇಲೆ ಆಟಕ್ಕೊಂದರಂತೆ ಬೇರೆ ಕೊಡಬೇಕು. ಚೀಟಿಗಳ ಪುಸ್ತಕ ಇನ್ನೊಂದು, ಉಳಿದ ಚೀಟಿ ವಾಪಸಿಲ್ಲ. ಮೂರನೆಯದು ಮಣಿಕಟ್ಟಿಗೆ ಸುತ್ತುವ ಕಾಗದದ ಪಟ್ಟಿ. ಅದನ್ನು ಕಟ್ಟಿಕೊಂಡರೆ ಇಡೀ ದಿನ ಯಾವ ಆಟವನ್ನಾದರೂ ಎಷ್ಟು ಸಲವಾದರೂ ಆಡಬಹುದು. ಪಟ್ಟಿಯೇ ಲಾಭ ಎಂದು ನನಗೆ ಕೂಡಲೇ ತಿಳಿಯಿತು. ಆದರೆ ಪಟ್ಟಿಯ ದರದಲ್ಲಿ ಕೂತು ನೋಡುವ ಮುದುಕಿಗೂ ಓಡಾಡಿ ಆಡುವ ಹುಡುಗಿಗೂ ಭೇದವಿಲ್ಲ! ಸಂತೆಯಲ್ಲಿ ತೊಟ್ಟಿಲು ನೋಡುತ್ತಾ ನಿಂತವರ ಹತ್ತಿರ ನಾನು ದುಡ್ಡು ಕೇಳಿದ್ದರೆ ನನ್ನನ್ನೇ ಪೆಟ್ಟಿಗೆಯಲ್ಲಿ ಹಾಕಿ ತಿರುಗಿಸುತ್ತಿದ್ದರು.

ಮರುದಿನ ಏಲಿಯಮ್ಮನನ್ನು ಕೇಳಿದೆ. ಅವಳು ಸೋಮವಾರ ಹೋಗಿ ಎಂದಳು. ಸೋಮವಾರ ಹೆಂಗಸರದ್ದು, ಪಟ್ಟಿ ಅರ್ಧ ದರ. ತಾನು ಮಕ್ಕಳನ್ನು ಕರೆದುಕೊಂಡು ಎರಡು ಸಲ ಹೋಗಿದ್ದೇನೆ, ಗಂಡ ಕಾರಿನಲ್ಲಿ ಬಿಟ್ಟು ಬರುತ್ತಾನೆ ಎಂದಳು.

ಹೆಂಗಸರದ್ದು ಎಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ರಾಯಚೂರಿನ ಟಾಕೀಸುಗಳಲ್ಲಿ ಹೆಂಗಸರಿಗೆ ಬೇರೆ ಕಿಟಕಿ ಇದೆ. ಗಂಡಸರ ಕಿಟಕಿಯಲ್ಲಿ ಅಂಗಿ ಹರಿಯುವ ನೂಕಾಟ. ಆದ್ದರಿಂದ ಗಂಡಸರೆಲ್ಲ ಹೆಂಡತಿಯನ್ನೋ ಅವ್ವನನ್ನೋ ಈ ಕಿಟಕಿಗೆ ಕಳಿಸಿ ತಾವು ಬೇವಿನ ಗಿಡದ ಕೆಳಗೆ ಬೀಡಿ ಸೇದುತ್ತಾ ನಿಲ್ಲುತ್ತಾರೆ. ಹೆಂಗಸು ಆರು ಬೆರಳು ತೋರಿಸಿದರೆ ಆರು ಟಿಕೆಟು. ಇಡೀ ಮನೆಯವರು ಒಳಗೆ. ನಾನು ನಮ್ಮ ಓಣಿಯ ಗಂಡಸರಿಗೆಲ್ಲ ಹಾಗೆ ಎಷ್ಟು ಸಲ ಕೊಡಿಸಿದ್ದೇನೆ. ಇಲ್ಲಿ ಕಿಟಕಿಯ ಬದಲು ಒಂದು ದಿನವನ್ನೇ ಇಟ್ಟಿದ್ದಾರೆ, ದೊಡ್ಡ ದೇಶ, ಇಡಲಿ ಬಿಡು ಎಂದುಕೊಂಡೆ.

ಈರಣ್ಣ ತಲೆ ಕೆರೆದುಕೊಂಡ. "ಒಂದ್ ಸಲ ಹೋಗಿ ಕೇಳೂಣೇನು, ಅತ್ತಿ?"

"ಏನ್ ಕೇಳ್ತಿ? ಬಾಯಿ ಬಿಟ್ಟು ಕೇಳಿದ್ರ ದರ ಏರಿಸ್ತಾರ. ಮೂವತ್ತು ವರ್ಷ ಸಂತಿ ಮಾಡಿದಾಕಿ ನಾನಾ, ನೀನಾ?"

ಅವನು ಜೊತೆ ಕೆಲಸದವನ ಹತ್ತಿರ ಬದಲಿ ಮಾಡಿಕೊಂಡು ಶುಕ್ರವಾರ ದುಡಿದ, ಸೋಮವಾರ ರಜೆ ತೆಗೆದುಕೊಂಡ. ಅವನಿಗೆ ಆ ವಾರ ಇದ್ದ ರಜೆ ಅದೊಂದೇ.

ಟಿಕೆಟಿನ ಕಿಟಕಿ

ಸೋಮವಾರ ಮಧ್ಯಾಹ್ನ ಊಟ ಮಾಡಿ ಹೊರಟೆವು. ಈರಣ್ಣ ಯಾರದೋ ಕಾರು ಕೇಳಿ ತಂದಿದ್ದ. ದಾರಿಯುದ್ದಕ್ಕೂ ಬಯಲು. ಬೇಸಿಗೆಯಲ್ಲಿ ದೇವದುರ್ಗ ಬಿಟ್ಟು ಅರಕೇರಾ ಕಡೆ ಹೋದರೆ ಕಾಣುವಂಥದ್ದೇ, ಆದರೆ ನಡುವೆ ಒಂದು ಜಾಲಿ ಗಿಡ ಕೂಡ ಇಲ್ಲ. ಅದರ ತುದಿಗೆ ಒಮ್ಮೆಲೇ ಎದ್ದು ನಿಂತಿತ್ತು ತೊಟ್ಟಿಲು. ನಾನು ಹೊಗಳುವವಳಲ್ಲ, ಆದರೂ ಹೇಳುತ್ತೇನೆ, ದೊಡ್ಡದಿತ್ತು. ರೇಣುಕಾ ಹಿಂದಿನ ಸೀಟಿನಿಂದ ಅಪ್ಪನ ಕೊರಳು ಹಿಡಿದುಕೊಂಡು, "ಅಪ್ಪ, ಮ್ಯಾಲ ಹೋದಾಗ ನೀ ಕಣ್ ಮುಚ್ಚಬಾರ್ದು," ಎಂದಳು.

ಕಾರುಗಳು ಸಾಲಾಗಿ ನಿಂತಿದ್ದವು. ಪ್ರತಿ ಕಾರಿನಲ್ಲೂ ಒಬ್ಬ ಗಂಡಸು ಸೀಟು ಹಿಂದಕ್ಕೆ ಚಾಚಿ ಮಲಗಿದ್ದಾನೆ. ಕಿಟಕಿಯ ಮುಂದೆ ಬರೀ ಹೆಂಗಸರು. ನೋಡಿ ನಾನು ಹಿಗ್ಗಿದೆ. ಬೀಡಿ ಇಲ್ಲ, ಬೇವಿನ ಗಿಡ ಇಲ್ಲ ಎನ್ನುವುದು ಬಿಟ್ಟರೆ ಪೂರಾ ರಾಯಚೂರು.

"ನೀವ್ ಯಾರೂ ಹತ್ರ ಬರಬ್ಯಾಡ್ರಿ," ಎಂದೆ. "ಗಂಡಸಿನ ಮುಖಾ ಕಂಡ್ರ ಪೂರಾ ದರ ಹಚ್ಚಿಬಿಡ್ತಾರ. ಶರಣವ್ವ, ಕೂಸಿನ್ನ ತಗೊಂಡು ನೀನೂ ಕಾರಿನ್ಯಾಗ ಇರು."

ಪಾಳಿಯಲ್ಲಿ ನನ್ನ ಮುಂದೆ ಕಪ್ಪು ಬಟ್ಟೆಯ ಎತ್ತರದ ಹೆಂಗಸು. ಅತ್ತರಿನ ವಾಸನೆಗೆ ನನಗೆ ತಲೆ ಭಾರವಾಯಿತು. ಅವಳು ತಿರುಗಿ ನನ್ನ ನೆರೆಗೂದಲು ನೋಡಿ, ಏನೋ ಅಂದು, ನನ್ನ ಹೆಗಲು ಹಿಡಿದು ತನ್ನ ಮುಂದೆ ನಿಲ್ಲಿಸಿದಳು. ಅವಳ ಮುಂದಿದ್ದವರೂ ಹಾಗೆಯೇ ಸರಿದರು. ಮಾನ್ವಿಯ ಸೀಮೆಎಣ್ಣೆ ಪಾಳಿಯಲ್ಲಿ ಯಾರಾದರೂ ಹೀಗೆ ಮಾಡಿದ್ದನ್ನು ನಾನು ಕಂಡಿಲ್ಲ.

ಗಾಜಿನ ಹಿಂದೆ ಕೂತವನಿಗೆ ನಾಲ್ಕು ಬೆರಳು ತೋರಿಸಿದೆ. ಕೈಯನ್ನು ಸೊಂಟದ ಹತ್ತಿರ ಹಿಡಿದು ಒಬ್ಬಳು ಇಷ್ಟು ಎತ್ತರ ಎಂದು ತೋರಿಸಿದೆ. ಎದೆಗೆ ಎರಡೂ ಕೈ ಕಟ್ಟಿ ತೂಗಿ ಕೂಸು ಒಂದಿದೆ ಎಂದು ತೋರಿಸಿದೆ. ಅವನು ಕೂಸಿಗೆ ಬೇಡವೆಂದು ಕೈಯಾಡಿಸಿದ. ಅದೊಂದು ನ್ಯಾಯ ಇತ್ತು ಅಲ್ಲಿ. ಮತ್ತೆ ಏನೋ ಕೇಳಿದ. ನಾನು ತಲೆಯಾಡಿಸಿದೆ. ಇನ್ನೊಂದು ಕೇಳಿದ. ಅದಕ್ಕೂ ತಲೆಯಾಡಿಸಿದೆ. ನಾಲ್ಕು ಪಟ್ಟಿ ಹೊರಗೆ ಬಂದವು. ಅರ್ಧ ದರ!

ಕಾರಿನ ಹತ್ತಿರ ಬಂದು ನಾಲ್ಕನ್ನೂ ಬೀಸಣಿಗೆಯ ಹಾಗೆ ಬಿಡಿಸಿ ತೋರಿಸಿದೆ. ಈರಣ್ಣ ನಕ್ಕ. "ಅತ್ತಿ ಅಂದ್ರ ಅತ್ತಿ!" ಮಗಳ ಮಣಿಕಟ್ಟಿಗೆ ಪಟ್ಟಿ ಸುತ್ತಿ, ತನ್ನದನ್ನು ಅವಳ ಕೈಗೆ ಕೊಟ್ಟು, ಕೈ ಚಾಚಿದ. ರೇಣುಕಾ ಅಪ್ಪನಿಗೆ ಪಟ್ಟಿ ಕಟ್ಟಿದಳು. ತುದಿ ಅಂಟಿತೋ ಇಲ್ಲವೋ ಎಂದು ಎರಡು ಸಲ ಒತ್ತಿ ನೋಡಿದಳು.

ಗೇಟು

ಮೊದಲು ನಾನು ದಾಟಿದೆ. ಶರಣಮ್ಮ ಕೂಸಿನ ಜೊತೆ ದಾಟಿದಳು. ರೇಣುಕಾ ಅಪ್ಪನ ಬೆರಳು ಹಿಡಿದುಕೊಂಡು ಬರುತ್ತಿದ್ದಳು. ಗೇಟಿನವನು ಈರಣ್ಣನ ಎದೆಗೆ ಅಡ್ಡ ಕೈ ಹಿಡಿದ.

"ಆಜ್ ಖಾಲಿ ಔರತಾಂ, ಬಚ್ಚೆ. ಮರ್ದ್ ನೈ."

ಇವತ್ತು ಹೆಂಗಸರು, ಮಕ್ಕಳು ಅಷ್ಟೇ, ಗಂಡಸಿಲ್ಲ. ನಮ್ಮ ರಾಯಚೂರಿನ ತೀನ್ ಕಂದೀಲು ಬಜಾರಿನಲ್ಲಿ ಕೇಳುವಂಥದ್ದೇ ಹಿಂದಿ, ಬೇಡವೆಂದರೂ ನನಗೆ ಪೂರಾ ತಿಳಿಯಿತು. ನಾನು ತಿರುಗಿ ಬಂದು ಈರಣ್ಣನ ಕೈ ಎತ್ತಿ ಪಟ್ಟಿಯನ್ನು ಗೇಟಿನವನ ಮುಖಕ್ಕೆ ಹಿಡಿದೆ.

"ಕಣ್ಣು ಕಾಣ್ತಾವಿಲ್ಲ ನಿನಗ? ರೊಕ್ಕಾ ಕೊಟ್ಟು ತಗೊಂಡೀನಿ. ನಿಮ್ಮವನ ಕೊಟ್ಟಾನ. ಕೊಡಾಗ ಬಾಯಿ ಇರಲಿಲ್ಲೇನು?"

ಸಿಟ್ಟಿಗೆ ನನಗೆ ಕನ್ನಡವೇ ಬಂದಿತ್ತು. ಅವನು ಕೈ ಕೆಳಗಿಳಿಸಿ ನನ್ನನ್ನು ನೋಡಿದ.

"ಯಾವೂರ್ರಿ, ಯವ್ವಾ?"

"ಮಾನ್ವಿ."

"ನಮ್ಮ ಖಾಲಾ ಮನಿ ರಾಯಚೂರಾಗ ಅದ. ನಾ ಗದ್ವಾಲದಾಂವ," ಎಂದ.

"ಹಂಗಾದ್ರ ಸರಿ ಆತಲ್ಲ. ಹೊಳಿ ಆಚಿ ದಂಡಿಯಾಂವ. ಬಿಡು ಒಳಗ."

"ಬಿಟ್ರ ನಾಳಿ ನನ್ನ ಗದ್ವಾಲಕ್ಕ ಬಿಡ್ತಾರ್ರಿ ಇವ್ರು."

ಶರಣಮ್ಮ ಆಗ ಗೇಟಿನ ಪಕ್ಕದ ಬೋರ್ಡು ಓದುತ್ತಿದ್ದಳು. "ಯವ್ವಾ, ಇಲ್ಲಿ ಬರದದ. ಸೋಮವಾರ ಗಂಡಸರಿಗೆ ಬಿಡಂಗಿಲ್ಲಂತ."

"ಮೊದಲ ಯಾಕ ಹೇಳಲಿಲ್ಲ?"

"ನೀ ಯಾರನ್ನ ಹತ್ರ ಬಿಟ್ಟಿ?"

ಮಗಳು ಹೇಳಿದ್ದು ಸರಿಯಿದ್ದಾಗ ನನಗೆ ಸಿಟ್ಟು ಎರಡರಷ್ಟಾಗುತ್ತದೆ. ಗೇಟಿನವನ ಮೇಲೇ ಮತ್ತೆ ಬಿದ್ದೆ. ಒಳಗೆ ಬಿಡದವನ ಟಿಕೆಟನ್ನು ವಾಪಸು ತಗೋ ಎಂದೆ. ಕಟ್ಟಿದ ಪಟ್ಟಿ ವಾಪಸಿಲ್ಲ ಎಂದ. ನಮ್ಮ ಕಡೆ ಇಳಿದ ಮೇಲೆ ದುಡ್ಡು ಕೊಡುವುದು, ಇವನು ಹತ್ತೇ ಇಲ್ಲವಲ್ಲ ಎಂದೆ. ಅವನ ಮುಖ ಸ್ವಲ್ಪ ಸಡಿಲಾಯಿತು.

"ನಮ್ಮ ಸಂತ್ಯಾಗೂ ಹಂಗ ಇತ್ರಿ. ನಾ ಅತ್ತು ಅತ್ತು ಎಷ್ಟು ಸಲ ಪುಕ್ಕಟ ಇಳದೀನಿ. ಇಲ್ಲಿ ಇಳದ ಮ್ಯಾಲ ಕೇಳಿದ್ರ ಯಾರ್ ಕೊಡ್ತಾರ್ರಿ?"

ಹಿಂದೆ ಪಾಳಿ ಬೆಳೆಯುತ್ತಿತ್ತು. ಈರಣ್ಣ ಮೆಲ್ಲಗೆ, "ಹೋಗಿ ಬರ್ರಿ, ಅತ್ತಿ. ನಾ ಕಾರಿನ್ಯಾಗ ಇರ್ತೀನಿ," ಎಂದ. ಬಗ್ಗಿ ಮಗಳಿಗೆ, "ರೇಣವ್ವಾ, ಆಯಿ ಜೊತಿ ಹೋಗು. ಏನೇನ್ ನೋಡಿದಿ ಎಲ್ಲಾ ಬಂದು ಹೇಳು," ಎಂದ.

ಹುಡುಗಿ ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಿತ್ತು. "ಅಪ್ಪ ಬರದ ನಾ ಒಲ್ಲೆ," ಎಂದು ಗೇಟಿನ ಕಂಬಕ್ಕೆ ಕೈ ಸುತ್ತಿ ನಿಂತಳು. ಬುಧವಾರ ಹೋದರೆ ಮುಂದೆ ಎರಡು ವರ್ಷ ಎನ್ನುವುದು ಅವಳಿಗೂ ಗೊತ್ತು, ಅವನಿಗೂ ಗೊತ್ತು. ನಾನು ಅರ್ಧ ದರ ಉಳಿಸಿದ್ದೆ.

ಆ ಗದ್ವಾಲದವನೇ ಒಂದು ದಾರಿ ಹೇಳಿದ. ಗೋಡೆಯ ಕಡೆ ಬೆರಳು ತೋರಿಸಿ, "ದೊಡ್ಡ ತೊಟ್ಟಲಾ ಗೋಡಿ ಬಾಜೂಕ ಅದ್ರಿ. ಮ್ಯಾಲ ಹೋದ್ರ ಹೊರಗಿನ ರಸ್ತಾ ಪೂರಾ ಕಾಣ್ತದ. ಇವರನ್ನ ಹೋಗಿ ಆ ರಸ್ತಾದಾಗ ನಿಂದ್ರಂತ ಹೇಳ್ರಿ," ಎಂದ.

ರೇಣುಕಾ ಕಂಬ ಬಿಟ್ಟಳು. ಅಪ್ಪನ ಪಟ್ಟಿಯನ್ನು ಮತ್ತೊಮ್ಮೆ ಒತ್ತಿ ನೋಡಿ, "ಅಲ್ಲೇ ನಿಂದ್ರು. ಕಾರಿನ್ಯಾಗ ಮಕ್ಕೋಬ್ಯಾಡ," ಎಂದು ಹೇಳಿ ಒಳಗೆ ಬಂದಳು.

ತೊಟ್ಟಿಲು

ಒಳಗೆ ಏನೇನಿತ್ತು ಎಂದು ಕೇಳಿದರೆ ನಾನು ಬಹಳ ಹೇಳಲಾರೆ. ನೀರಿನಲ್ಲಿ ಜಾರುವ ದೋಣಿ ಇತ್ತು, ಗೂಟಕ್ಕೆ ಕಟ್ಟಿದ ಕುದುರೆಗಳು ಇದ್ದವು, ಒಂದಕ್ಕೊಂದು ಗುದ್ದುವ ಮೋಟಾರುಗಳು ಇದ್ದವು. ಮೈತುಂಬ ಕಪ್ಪು ಬಟ್ಟೆಯ ಹೆಂಗಸರು ಆ ಮೋಟಾರಿನಲ್ಲಿ ಕೂತು ಒಬ್ಬರಿಗೊಬ್ಬರು ಗುದ್ದಿ ಗುದ್ದಿ ಬಿದ್ದು ಬಿದ್ದು ನಗುತ್ತಿದ್ದರು. ಗಂಡಸರ ಕಣ್ಣಿಲ್ಲದಾಗ ಹೆಂಗಸರು ಎಲ್ಲ ಕಡೆ ಒಂದೇ. ಚೀಕಲಪರ್ವಿಯ ಹೊಳೆಯಲ್ಲಿ ಬಟ್ಟೆ ಒಗೆಯುವಾಗ ನಾವೂ ಹಾ‌ಗೇ ನಗುತ್ತಿದ್ದೆವು. ರೇಣುಕಾ ಯಾವುದನ್ನೂ ತಿರುಗಿ ನೋಡಲಿಲ್ಲ. ನೇರ ತೊಟ್ಟಿಲಿಗೆ ನಡೆದಳು.

ಅಲ್ಲಿ ಪ್ಯಾಂಟು ತೊಟ್ಟ ಸಣ್ಣ ಹೆಣ್ಣುಮಗಳೊಬ್ಬಳು ಬಾಗಿಲು ಹಾಕುತ್ತಿದ್ದಳು, ಎಲ್ಲಿಂದಲೋ ಹೊಟ್ಟೆಪಾಡಿಗೆ ಬಂದವಳು, ನಮ್ಮ ಶರಣಮ್ಮನ ಹಾಗೆ. ಸಣ್ಣ ಮಕ್ಕಳು ಒಬ್ಬರೇ ಹತ್ತುವಂತಿಲ್ಲ, ದೊಡ್ಡವರು ಜೊತೆಗಿರಬೇಕು ಎನ್ನುತ್ತಾಳೆ ಎಂದು ಶರಣಮ್ಮ ತಿಳಿಸಿದಳು. ಶರಣಮ್ಮ ಹಸಿಮೈಯವಳು, ಕೈಯಲ್ಲಿ ಕೂಸು. ಉಳಿದದ್ದು ನಾನು.

ಮೂವತ್ತು ವರ್ಷ ತೊಟ್ಟಿಲು ತಳ್ಳಿದ್ದೇನೆ, ಒಂದು ದಿನ ಕೂತವಳಲ್ಲ. ತಳ್ಳುವವಳೇ ಕೂತರೆ ತಳ್ಳುವವರು ಯಾರು? ಇಲ್ಲಿ ತಳ್ಳುವವರೇ ಇಲ್ಲ. ಆ ಹುಡುಗಿ ಒಂದು ಗುಂಡಿ ಒತ್ತಿದಳು, ನೆಲ ಕೆಳಗೆ ಹೋಯಿತು. ನಾನು ಕಂಬಿ ಹಿಡಿದುಕೊಂಡೆ. ಹೊಟ್ಟೆಯೊಳಗಿನ ಅನ್ನ ಅಲ್ಲೇ ಕೆಳಗೆ ಉಳಿಯಿತು. ನಮ್ಮ ತೊಟ್ಟಿಲಿನಲ್ಲಿ ಮಕ್ಕಳು ಚೀರುತ್ತಿದ್ದಾಗ ನಾನು, "ಏ, ಸುಮ್ನ ಕುಂದ್ರಲೇ," ಎಂದು ಗದರುತ್ತಿದ್ದೆ. ಆ ಮಕ್ಕಳೆಲ್ಲ ಒಮ್ಮೆ ನೆನಪಾದರು.

"ಆಯಿ, ಅಗೋ ಅಪ್ಪ!"

ಗೋಡೆಯಾಚೆಯ ರಸ್ತೆಯಲ್ಲಿ ಒಂದು ಚುಕ್ಕೆ ನಿಂತಿತ್ತು. ಬಿಳಿ ಅಂಗಿ. ಅದು ಎರಡೂ ಕೈ ಎತ್ತಿ ಆಡಿಸುತ್ತಿತ್ತು. ರೇಣುಕಾ ಗಂಟಲು ಹರಿಯುವ ಹಾಗೆ ಕೂಗಿದಳು. ಆದರೆ ಅವನು ನಮ್ಮನ್ನು ನೋಡುತ್ತಿರಲಿಲ್ಲ. ನಮಗಿಂತ ಮೂರು ಪೆಟ್ಟಿಗೆ ಮುಂದಿನ ಪೆಟ್ಟಿಗೆಗೆ ಕೈಯಾಡಿಸುತ್ತಿದ್ದ. ಪೆಟ್ಟಿಗೆಗಳೆಲ್ಲ ಒಂದೇ ನಮೂನೆ, ಒಂದೇ ಬಣ್ಣ. ಆ ಪೆಟ್ಟಿಗೆಯ ಹೆಂಗಸರು ಯಾರು ಈ ಹುಚ್ಚ ಎಂದು ಮುಖ ತಿರುಗಿಸಿಕೊಂಡರು.

"ಅಪ್ಪ, ಇಲ್ಲಿ! ಅಲ್ಲಲ್ಲ, ಇಲ್ಲಿ!"

ಕೆಳಗೆ ಬಂದೆವು. ಕೈಯಲ್ಲಿ ಪಟ್ಟಿ ಇದೆ, ಎಷ್ಟು ಸಲವಾದರೂ ಆಡಬಹುದು. ಮತ್ತೆ ಪಾಳಿಯಲ್ಲಿ ನಿಂತು ಮತ್ತೆ ಹತ್ತಿದೆವು. ಈ ಸಲ ಅವನು ಒಂದೊಂದು ಪೆಟ್ಟಿಗೆಗೂ ಒಂದೊಂದು ಸಲ ಕೈಯಾಡಿಸುತ್ತಿದ್ದ, ಯಾವುದರಲ್ಲಾದರೂ ಇರಲಿ ಎಂದು. ನಮ್ಮ ಪೆಟ್ಟಿಗೆಗೂ ಆಡಿಸಿದ. ಆದರೆ ನಮಗೆಂದು ತಿಳಿದು ಆಡಿಸಲಿಲ್ಲ. ಬೇರೆ ಎಲ್ಲರಿಗೆ ಸಿಕ್ಕಷ್ಟೇ ನಮಗೂ ಸಿಕ್ಕಿತು. ರೇಣುಕಾ ಕೂಗುವುದನ್ನು ನಿಲ್ಲಿಸಿ ಕೂತಳು.

ಮೂರನೆಯ ಸಲ ಹತ್ತಿದಾಗ ನನಗೆ ತಡೆಯಲಾಗಲಿಲ್ಲ. ಯಾರ ಮೇಲೆ ಸಿಟ್ಟೋ ನನಗೇ ತಿಳಿಯದು. ಬೋರ್ಡಿನ ಮೇಲೋ, ಗಾಜಿನ ಹಿಂದೆ ಕೂತವನ ಮೇಲೋ, ನನ್ನ ಮೇಲೋ. ತುದಿಗೆ ಬರುವಷ್ಟರಲ್ಲಿ ತಲೆಯ ಮೇಲಿನ ಸೆರಗು ತೆಗೆದೆ, ಹೆಗಲಿನಿಂದ ಬಿಚ್ಚಿದೆ, ಇಳಕಲ್ ಸೀರೆಯ ಕೆಂಪು ಸೆರಗನ್ನು ಕಂಬಿಯ ಹೊರಗೆ ಬಿಟ್ಟೆ. ಗಾಳಿ ಹಿಡಿದುಕೊಂಡಿತು. ಒಂದು ಮಾರು ಸೆರಗು ಪಟಪಟ ಎಂದು ಹಾರಿತು.

ಚುಕ್ಕೆ ನಿಂತಿತು. ಆಮೇಲೆ ಜಿಗಿಯಿತು. ಈರಣ್ಣ ರಸ್ತೆಯ ನಡುವೆ ನಿಂತು, ಅಂಗಿ ಬಿಚ್ಚಿ, ತಲೆಯ ಮೇಲೆ ತಿರುಗಿಸತೊಡಗಿದ.

"ಕಂಡ್ವಿ! ಆಯಿ, ಅಪ್ಪಗ ನಾವ್ ಕಂಡ್ವಿ!"

ಕೆಳಗಿಳಿದ ಕೂಡಲೇ ಆ ಪ್ಯಾಂಟಿನ ಹುಡುಗಿ ನನ್ನ ಮೇಲೆ ಹರಿಹಾಯ್ದಳು. ಸೆರಗು ಗಾಲಿಗೆ ಸಿಕ್ಕಿದ್ದರೆ ಏನು ಗತಿ ಎನ್ನುತ್ತಿದ್ದಳು ಎಂದು ಕಾಣುತ್ತದೆ. ಅದು ನಿಜ. ನಾನೂ ನನ್ನ ತೊಟ್ಟಿಲಿನಲ್ಲಿ ಯಾರಿಗೂ ಸೆರಗು ಹೊರಗೆ ಬಿಡಗೊಡುತ್ತಿರಲಿಲ್ಲ. ಶರಣಮ್ಮ ಇಂಗ್ಲಿಷಿನಲ್ಲಿ ಏನೋ ಹೇಳಿ ಗೋಡೆಯ ಕಡೆ ಕೈ ತೋರಿಸಿದಳು. ಹುಡುಗಿ ಅತ್ತ ನೋಡಿದಳು. ನನ್ನ ಸೆರಗನ್ನು ತಾನೇ ಎತ್ತಿ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ನಮ್ಮನ್ನು ಕೆಂಪು ಗುರುತಿನ ಒಂದು ಪೆಟ್ಟಿಗೆಯಲ್ಲಿ ಕೂರಿಸಿದಳು. ಬಾಗಿಲ ಕೆಳಗೆ ಯಾವಾಗಲೋ ಬಳಿದ ಒಂದು ಗೆರೆ ಇತ್ತು, ಅಷ್ಟೇ. ಶರಣಮ್ಮ ಕೂಸನ್ನೆತ್ತಿಕೊಂಡು ಗೇಟಿಗೆ ಹೋಗಿ ಗದ್ವಾಲದವನಿಗೆ ಹೇಳಿದಳು, ಅವನು ಹೊರಗೆ ಹೋಗಿ ಈರಣ್ಣನಿಗೆ ಹೇಳಿದ. ಅಲ್ಲಿಂದ ಮುಂದೆ ನಾವು ಆ ಪೆಟ್ಟಿಗೆ ಬಂದಾಗ ಮಾತ್ರ ಹತ್ತುವುದು. ತುದಿಗೆ ಹೋದಾಗ ಅವಳು ಗುಂಡಿ ಒತ್ತಿ ಒಂದು ಗಳಿಗೆ ನಿಲ್ಲಿಸುವುದು. ಅವನು ಕೆಳಗೆ ಅಂಗಿ ತಿರುಗಿಸುವುದು, ಇವಳು ಮೇಲಿಂದ ಕೈಯಾಡಿಸುವುದು.

ಹೊತ್ತು ಮುಳುಗುವ ತನಕ ಹನ್ನೊಂದು ಸಲ ಹತ್ತಿದೆವು. ನಾಲ್ಕು ಪಟ್ಟಿಯ ದುಡ್ಡನ್ನು ನಾನು ಆ ಒಂದೇ ತೊಟ್ಟಿಲಿನಲ್ಲಿ ವಸೂಲು ಮಾಡಿದೆ. ಎರಡು ಸಲ ಕೆಳಗಿಳಿದು ಗಿಡದ ಬುಡದಲ್ಲಿ ವಾಂತಿ ಮಾಡಿದೆ. ಬಾಯಿ ತೊಳೆದುಕೊಂಡು ಮತ್ತೆ ಹತ್ತಿದೆ.

ಹೊರಗೆ ಬಂದಾಗ ಈರಣ್ಣನ ಮುಖದ ಒಂದು ಬದಿ ಬಿಸಿಲಿಗೆ ಸುಟ್ಟು ಕಪ್ಪಾಗಿತ್ತು. ಮಗಳನ್ನು ಹೆಗಲ ಮೇಲೆ ಹತ್ತಿಸಿಕೊಂಡ.

"ಎಷ್ಟು ಆಟ ಆಡಿದಿ?"

"ಒಂದ."

ನಾನು ಅವನು ಬೈಯಲಿ ಎಂದು ಕಾಯುತ್ತಿದ್ದೆ. ಅವನು ನನ್ನ ಕಡೆ ತಿರುಗಿ, "ಅತ್ತಿ, ತಲಿ ತಿರುಗಾಕತ್ತಿಲ್ಲಲ್ಲ?" ಎಂದು ಕೇಳಿದ. ಆಗ ನನಗೆ ಬಂದಷ್ಟು ಸಿಟ್ಟು ಗೇಟಿನಲ್ಲಿಯೂ ಬಂದಿರಲಿಲ್ಲ.

"ಬೈಯೋ! ನಿನ್ನಿಂದ ಹಿಂಗಾತು ಅಂತ ಒಂದ್ ಮಾತು ಅನ್ನು!"

"ಬೈದ್ರ ಅವ್ರು ರೊಕ್ಕಾ ವಾಪಸ್ ಕೊಡ್ತಾರೇನು?" ಎಂದ ಅವನು. ತನ್ನ ಪಟ್ಟಿಯನ್ನು ಮೆಲ್ಲಗೆ ಬಿಚ್ಚಿ, ಹೆಗಲ ಮೇಲೆ ಕೂತವಳ ಇನ್ನೊಂದು ಮಣಿಕಟ್ಟಿಗೆ ಸುತ್ತಿದ.

ಮಾನ್ವಿ

ಎರಡೂ ಕೈಗೆ ಪಟ್ಟಿ ಕಟ್ಟಿಕೊಂಡೇ ರೇಣುಕಾ ವಿಮಾನ ಹತ್ತಿದಳು. ತನ್ನದು ಬೊಂಬಾಯಿಯಲ್ಲಿ ಹರಿಯಿತು. ಅಪ್ಪನದನ್ನು ಸ್ನಾನಕ್ಕೂ ತೆಗೆಯಲು ಬಿಡದೆ ಇಟ್ಟುಕೊಂಡು ರಾಯಚೂರು ದಾಟಿದಳು. ಈಗ ಅದು ಪಾಟಿಚೀಲದಲ್ಲಿದೆ. ನಾನು ಮುಟ್ಟುವುದಿಲ್ಲ.

ಪರದೇಶಕ್ಕೆ ಹೋಗುವವರಿಗೆ ನನ್ನದೊಂದು ಮಾತು. ಅಗ್ಗದ ಟಿಕೆಟು ಕೊಳ್ಳಿರಿ, ಬೇಡವೆನ್ನುವುದಿಲ್ಲ. ಕಂಡವರಿಗೆ ಪೂರಾ ದರ ಕೊಡುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಆದರೆ ಎಷ್ಟು ಎಂದು ಕೇಳುವ ಮುಂಚೆ ಯಾರು ಯಾರನ್ನು ಬಿಡುತ್ತೀರಿ ಎಂದು ಕೇಳಿರಿ. ನಾನು ಕೇಳಲಿಲ್ಲ. ಕೇಳೋಣ ಎಂದವನ ಬಾಯಿಯನ್ನೂ ಮುಚ್ಚಿಸಿದೆ.

ಬಂದ ಮೇಲಿನ ಮೊದಲ ಸಂತೆಗೆ ಅವಳನ್ನು ಕರೆದುಕೊಂಡು ಹೋದೆ. ಮಕ್ಕಳಿಗೆ ಗಾಳಿ ತುಂಬಿದ ಬುಗ್ಗೆ ಮಾರುವ ಹುಸೇನಸಾಬ ನನ್ನ ಹಳೆಯ ಪರಿಚಯದವನು. ಎಷ್ಟೋ ವರ್ಷ ಅವನ ಬುಗ್ಗೆಯ ಕೋಲು ನನ್ನ ತೊಟ್ಟಿಲಿನ ಪಕ್ಕದಲ್ಲೇ ನಿಂತಿರುತ್ತಿತ್ತು.

"ಅಮರವ್ವಾ, ಅಲ್ಲಿ ತೊಟ್ಟಲಾ ನಮ್ಮದಕ್ಕಿಂತ ದೊಡ್ಡದೇನ್‌ಬೇ? ಎಷ್ಟೆತ್ತರ ಇತ್ತು?"

ರಾಯಚೂರು ಕೋಟೆಯ ಗುಡ್ಡದ ಲೆಕ್ಕದಲ್ಲಿ ಹೇಳಲೋ, ಶಕ್ತಿನಗರದ ಚಿಮಣಿಯ ಲೆಕ್ಕದಲ್ಲಿ ಹೇಳಲೋ ಎಂದು ನಾನು ಯೋಚಿಸುತ್ತಿದ್ದೆ. ಅಷ್ಟರಲ್ಲಿ ರೇಣುಕಾ ಹೆಬ್ಬೆರಳು, ತೋರುಬೆರಳು ಹತ್ತಿರ ತಂದು ಅವನ ಮುಖದ ಮುಂದೆ ಹಿಡಿದಳು. ನಡುವೆ ಒಂದು ಜೋಳದ ಕಾಳು ಹಿಡಿಸುವಷ್ಟು ಜಾಗ.

"ನಮ್ಮಪ್ಪ ಇಷ್ಟು ಕಾಣ್ತಾನ. ಅಷ್ಟೆತ್ತರ."

ಹುಸೇನಸಾಬ ನನ್ನ ಮುಖ ನೋಡಿದ. ಹುಡುಗಿ ಹೇಳಿದ್ದು ಸರಿ, ನಾನೂ ಹನ್ನೊಂದು ಸಲ ನೋಡಿದ್ದೇನೆ ಎಂದೆ.